ಹನ್ನೊಂದು ವರ್ಷದ ಹಿಂದಿನ ಒಂದು ಸಂಜೆ ಠಾಣೆಯ ಪುಸ್ತಕದಲ್ಲಿ ಉಳಿದುಬಿಟ್ಟರೆ

ಗಲ್ಫಿಗೆ ಹೊರಟಿದ್ದ ಹುಡುಗನೊಬ್ಬ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಮನೆಗೆ ಬಂದಿದ್ದ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದನಂತೆ. ಪರಿಶೀಲನೆಗೆ ಬಂದ ಪೊಲೀಸರು "ನಿನ್ನ ಮೇಲೊಂದು ಕೇಸ್ ಇದೆಯಲ್ಲಪ್ಪ" ಅಂದರಂತೆ. ಅವನಿಗೆ ನೆನಪಾದದ್ದು 2013. ಕಾಡಾನೆ ತುಳಿದು ತೋಟದ ಕಾರ್ಮಿಕನೊಬ್ಬ ಸತ್ತ ದಿನ ಊರಿನವರೆಲ್ಲ ರಸ್ತೆಯಲ್ಲಿ ಕೂತಿದ್ದರು. ಆಗ ಹತ್ತೊಂಬತ್ತು ವಯಸ್ಸಿನ ಇವನೂ ಅವರ ಜೊತೆಗಿದ್ದ. ಕೆಲವರನ್ನು ಜೀಪು ಹತ್ತಿಸಿ ಠಾಣೆಗೆ ಕರೆದೊಯ್ದರು, ಹೆಸರು ಬರೆದುಕೊಂಡರು, ಸಂಜೆ ಜಾಮೀನು ಬರೆಸಿಕೊಂಡು ಬಿಟ್ಟರು. ಆಮೇಲೆ ಸಮನ್ಸ್ ಬರಲಿಲ್ಲ, ಕೋರ್ಟಿಗೂ ಹೋಗಲಿಲ್ಲ. "ಅಣ್ಣಾ, ಅದನ್ನ ಅಳಿಸೋಕೆ ಎಲ್ಲಿ ಅರ್ಜಿ ಕೊಡ್ಬೇಕು?" ಎಂದು ಕೇಳಿದ.

ಕೊಡಗಿನ ವಿರಾಜಪೇಟೆಯಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಬಹಳ ಕಾಲ ಗುಮಾಸ್ತನಾಗಿದ್ದವನು ನಾನು. ಈ ಪ್ರಶ್ನೆಯನ್ನು ತೋಟದ ಲೈನ್ ಮನೆಗಳ ಕಾರ್ಮಿಕರೂ ಕೇಳಿದ್ದಾರೆ, ತೋಟದ ಮಾಲೀಕರೂ ಕೇಳಿದ್ದಾರೆ. ಕೇಳುವಾಗ ಎಲ್ಲರ ಮುಖದಲ್ಲೂ ಅದೇ ನಾಚಿಕೆ, ಅದೇ ಭಯ. ತಪ್ಪೇ ಸಾಬೀತಾಗದ, ಕಟಕಟೆಯನ್ನೇ ಹತ್ತದ ಮನುಷ್ಯ ಇಷ್ಟು ಕುಗ್ಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆದ್ದರಿಂದ ನನಗೆ ಗೊತ್ತಿರುವಷ್ಟನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, "ನನ್ನ ಬಂಧನದ ದಾಖಲೆ ಅಳಿಸಿ" ಎಂದು ಕೊಟ್ಟರೆ ಎಲ್ಲವೂ ಹೋಗಿಬಿಡುವಂಥ ಒಂದೇ ಅರ್ಜಿ ನಮ್ಮ ಕಾನೂನಿನಲ್ಲಿಲ್ಲ. ಒಂದು ಬಂಧನ ನಾಲ್ಕೈದು ಕಡೆ ಗುರುತು ಬಿಟ್ಟಿರುತ್ತದೆ. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಅಧಿಕಾರಿ. ಕೆಲವನ್ನು ನಾಶ ಮಾಡಿಸಬಹುದು. ಕೆಲವು ಉಳಿಯುತ್ತವೆ, ಆದರೆ ಅವುಗಳ ಎದುರು "ಮುಕ್ತಾಯವಾಗಿದೆ" ಎಂದು ಬರೆಸಬಹುದು. ಜೀವನ ನಡೆಯಲು ಬಹುಮಟ್ಟಿಗೆ ಈ ಎರಡನೆಯದೇ ಸಾಕಾಗುತ್ತದೆ.

ಗುರುತು ಎಲ್ಲೆಲ್ಲಿ ಬಿದ್ದಿರುತ್ತದೆ

ಠಾಣೆಯಲ್ಲಿ ಎಫ್‌ಐಆರ್ ಇರುತ್ತದೆ, ಠಾಣಾ ದಿನಚರಿ ಇರುತ್ತದೆ, ಬಂಧನದ ಮೆಮೊ ಇರುತ್ತದೆ. ಬಂಧಿಸಿದ ದಿನ, ಸಮಯ ಬರೆದು, ಮನೆಯವರು ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ರುಜು ಪಡೆದು ಮೆಮೊ ಮಾಡಲೇಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲೇ ಹೇಳಿತ್ತು. ಅಂದು ರುಜು ಹಾಕಿದವರು ಯಾರೆಂದು ನೆನಪು ಮಾಡಿಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಎಫ್‌ಐಆರಿನ ಒಂದು ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಿರುತ್ತದೆ. ಠಾಣೆಯ ಮಾಹಿತಿ ರಾಜ್ಯ ಪೊಲೀಸರ ಕಂಪ್ಯೂಟರಿಗೂ, ಅಲ್ಲಿಂದ ದೇಶದ ಠಾಣೆಗಳನ್ನೆಲ್ಲ ಬೆಸೆಯುವ ಸಿಸಿಟಿಎನ್‌ಎಸ್ ಜಾಲಕ್ಕೂ ಸೇರಿರುತ್ತದೆ. ಬೆರಳಚ್ಚು, ಫೋಟೊ ತೆಗೆದಿದ್ದರೆ ಅದು ಬೇರೆಯೇ ಕಡತ. ಇನ್ನು ಹೆಸರು ರೌಡಿ ಪಟ್ಟಿಗೆ ಹೋಗಿದ್ದರಂತೂ ಅದಕ್ಕೊಂದು ಪ್ರತ್ಯೇಕ ಹಾಳೆ ತೆರೆದಿರುತ್ತಾರೆ.

ಪರಿಶೀಲನೆಗೆ ಬರುವ ಸಿಬ್ಬಂದಿ ನೋಡುವುದು ಹೆಚ್ಚಾಗಿ ಕಂಪ್ಯೂಟರನ್ನು. ಅಲ್ಲಿ "ತನಿಖೆಯಲ್ಲಿದೆ" ಎಂದಿದ್ದರೆ ವರದಿಯಲ್ಲೂ ಅದನ್ನೇ ಬರೆಯುತ್ತಾರೆ. ಹನ್ನೊಂದು ವರ್ಷದಿಂದ ಯಾರೂ ತನಿಖೆ ನಡೆಸಿಲ್ಲ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ.

ಕೇಸ್ ನಿಜವಾಗಿ ಯಾವ ಸ್ಥಿತಿಯಲ್ಲಿದೆ?

ಅಳಿಸುವ ಮಾತಿಗಿಂತ ಮೊದಲು ಪತ್ತೆ ಮಾಡಬೇಕಾದ್ದು ಇದನ್ನು. "ನನ್ನ ಮೇಲೆ ಚಾರ್ಜ್‌ಶೀಟೇ ಆಗಿಲ್ಲ" ಎಂದುಕೊಂಡು ಬಂದವರಲ್ಲಿ ಕೆಲವರಿಗೆ ಅದು ಆಗಿಯೇ ಇತ್ತು. ಸಮನ್ಸ್ ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗಿತ್ತು. ಮನುಷ್ಯ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಇಲ್ಲಿ ಅವನ ಹೆಸರಿನಲ್ಲಿ ಜಾಮೀನುರಹಿತ ವಾರಂಟ್ ಹೊರಟು, ಕಡತ ದೀರ್ಘಕಾಲ ಬಾಕಿಯಿರುವ ಪ್ರಕರಣಗಳ ಪಟ್ಟಿ ಸೇರಿತ್ತು. ತೋಟದಿಂದ ತೋಟಕ್ಕೆ ಲೈನ್ ಮನೆ ಬದಲಿಸುವ ಕಾರ್ಮಿಕರಿಗೆ ಇದು ಮತ್ತೆ ಮತ್ತೆ ಆಗುತ್ತದೆ.

ನೋಡುವುದು ಕಷ್ಟವಲ್ಲ. ಇ-ಕೋರ್ಟ್ಸ್ ಆ್ಯಪಿನಲ್ಲಿ ಜಿಲ್ಲೆ, ಠಾಣೆ, ಎಫ್‌ಐಆರ್ ಸಂಖ್ಯೆ, ವರ್ಷ ಕೊಟ್ಟು ಹುಡುಕಬಹುದು. ಮಡಿಕೇರಿ, ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ, ಕುಶಾಲನಗರ, ಎಲ್ಲಿಯ ಕೋರ್ಟಿಗೆ ನಿಮ್ಮ ಠಾಣೆ ಸೇರುತ್ತದೆ ಎಂದು ಕೇಳಿಕೊಂಡು ಅಲ್ಲಿಯೇ ವಿಚಾರಿಸಿದರೆ ಇನ್ನೂ ಖಚಿತ. ಠಾಣೆಯಲ್ಲಿ ಬಾಯಿಮಾತಿನ ಉತ್ತರಕ್ಕೆ ನಿಲ್ಲಬೇಡಿ. ಮಡಿಕೇರಿಯ ಜಿಲ್ಲಾ ಪೊಲೀಸ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ. ಆದ್ದರಿಂದ ಕಥೆ ಬರೆಯಬೇಡಿ. ಕೇಳಬೇಕಾದ್ದು ಇಷ್ಟು: ಎಫ್‌ಐಆರ್ ಪ್ರತಿ, ಅಂತಿಮ ವರದಿಯ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ಚಾರ್ಜ್‌ಶೀಟ್ ಅಥವಾ 'ಬಿ' ರಿಪೋರ್ಟ್) ಪ್ರತಿ, ಅದನ್ನು ಯಾವ ಕೋರ್ಟಿಗೆ ಯಾವ ದಿನ ಕಳಿಸಲಾಯಿತು, ಈಗ ದಾಖಲೆಯಲ್ಲಿರುವ ಸ್ಥಿತಿ ಏನು. ಉತ್ತರಕ್ಕೆ 30 ದಿನದ ಗಡುವಿದೆ. ತನಿಖೆಗೆ ಅಡ್ಡಿಯಾಗುತ್ತದೆ ಎಂದು ನಿರಾಕರಿಸಲು ಅವಕಾಶವಿರುವುದು ತನಿಖೆ ನಡೆಯುತ್ತಿದ್ದರೆ ಮಾತ್ರ. ಮುಗಿದ ಕೇಸಿಗೆ ಆ ನೆಪ ನಿಲ್ಲುವುದಿಲ್ಲ.

ಉತ್ತರ ಬಂದಾಗ ಮೂರರಲ್ಲೊಂದು ಸ್ಥಿತಿ ಕಾಣುತ್ತದೆ.

ಮೊದಲನೆಯದು ಒಳ್ಳೆಯ ಸುದ್ದಿ. ಪೊಲೀಸರು ಸಾಕ್ಷ್ಯವಿಲ್ಲವೆಂದು 'ಬಿ' ರಿಪೋರ್ಟ್ ಹಾಕಿದ್ದಾರೆ, ಕೋರ್ಟ್ ಅದನ್ನು ಒಪ್ಪಿದೆ. ಹೀಗಿದ್ದರೆ ಆ ಆದೇಶದ ದೃಢೀಕೃತ ಪ್ರತಿ ಪಡೆಯಿರಿ. ಇಡೀ ವಿಷಯದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ. 'ಬಿ' ರಿಪೋರ್ಟ್ ಹಾಕಿದ್ದಷ್ಟೇ ಸಾಲದು, ಕೋರ್ಟ್ ಒಪ್ಪಿರಬೇಕು. ಒಪ್ಪುವ ಮೊದಲು ದೂರುದಾರರಿಗೆ ನೋಟಿಸ್ ಕೊಟ್ಟು ಕೇಳಬೇಕೆಂದು 1985ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ನೋಟಿಸ್ ಜಾರಿಯಾಗದೆ ವರ್ಷಗಟ್ಟಲೆ ಕೂತ ವರದಿಗಳೂ ಇವೆ. ರಸ್ತೆ ತಡೆಯಂಥ ಕೇಸುಗಳಲ್ಲಿ ದೂರು ಕೊಟ್ಟವರು ಬಹುಮಟ್ಟಿಗೆ ಪೊಲೀಸರೇ ಆಗಿರುವುದರಿಂದ ಅದು ಬೇಗ ಮುಗಿಯಬೇಕು.

ಎರಡನೆಯದು, ಮೇಲೆ ಹೇಳಿದಂತೆ ಚಾರ್ಜ್‌ಶೀಟ್ ಆಗಿ ವಾರಂಟ್ ಬಾಕಿ ಇರುವುದು. ಆಗ ತಡಮಾಡದೆ ವಕೀಲರ ಜೊತೆ ತಾವೇ ಕೋರ್ಟಿಗೆ ಹೋಗಿ ವಾರಂಟ್ ರದ್ದು ಮಾಡಿಸಿಕೊಳ್ಳಬೇಕು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. "ಐನೂರು ರೂಪಾಯಿ ದಂಡ ಕಟ್ಟಿ, ತಪ್ಪೊಪ್ಪಿಕೊಂಡು ಮುಗಿಸಿಬಿಡು" ಎಂದು ಕೋರ್ಟಿನ ಜಗಲಿಯಲ್ಲೇ ಹೇಳುವವರು ಸಿಗುತ್ತಾರೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರೆ ಅದು ಅಪರಾಧ ಸಾಬೀತಾದ ತೀರ್ಪು. ಆರೋಪ ಸಾಬೀತಾಗದ ಬಂಧನ ಒಂದೇ ಮಧ್ಯಾಹ್ನದಲ್ಲಿ ಶಿಕ್ಷೆಯ ದಾಖಲೆಯಾಗಿಬಿಡುತ್ತದೆ. ನೌಕರಿ, ವೀಸಾ ಬೇಕಾದ ಹುಡುಗರು ಹೀಗೆ ಮಾಡಿಕೊಂಡು ಆಮೇಲೆ ಅಳುವುದನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ಸರ್ಕಾರ ಹೋರಾಟಗಾರರ ಕೇಸ್ ವಾಪಸ್ ಪಡೆಯಿತೆಂದು ಪತ್ರಿಕೆಯಲ್ಲಿ ಓದಿ ನೆಮ್ಮದಿಯಾಗಿರುವವರೂ ಒಮ್ಮೆ ನೋಡಿಕೊಳ್ಳಬೇಕು. ಸಂಪುಟ ತೀರ್ಮಾನಿಸಿದರೆ ಸಾಲದು. ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಿ, ಕೋರ್ಟ್ ಸಮ್ಮತಿಸಿ ಆದೇಶ ಮಾಡಿದಾಗಲೇ ಕೇಸ್ ಹೋಗುವುದು.

ಮೂರನೆಯದು ನಮ್ಮ ಹುಡುಗನ ಸ್ಥಿತಿ. ಚಾರ್ಜ್‌ಶೀಟೂ ಇಲ್ಲ, 'ಬಿ' ರಿಪೋರ್ಟೂ ಇಲ್ಲ. ಕೇಸ್ ನಡುವೆಯೇ ನಿಂತಿದೆ. 2024ರ ಜುಲೈ 1ಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದ್ದರೂ ಅಂದಿನ ಬಂಧನವನ್ನು ನೋಡಬೇಕಾದ್ದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಣ್ಣಿನಿಂದ. ಅದರಲ್ಲಿ ಎರಡು ಬಲವಾದ ಆಸರೆಗಳಿವೆ.

ಕಲಂ 167(5): ಎರಡು ವರ್ಷ ಮೀರಿದ ಶಿಕ್ಷೆ ಇಲ್ಲದ ಸಮನ್ಸ್ ಪ್ರಕರಣಗಳಲ್ಲಿ, ಬಂಧನದ ದಿನದಿಂದ ಆರು ತಿಂಗಳೊಳಗೆ ತನಿಖೆ ಮುಗಿಯದಿದ್ದರೆ ಮ್ಯಾಜಿಸ್ಟ್ರೇಟರು ಮುಂದಿನ ತನಿಖೆ ನಿಲ್ಲಿಸುವ ಆದೇಶ ಮಾಡಬೇಕು. ಮುಂದುವರಿಸಬೇಕಾದರೆ ತನಿಖಾಧಿಕಾರಿ ವಿಶೇಷ ಕಾರಣ ತೋರಿಸಿ ಅವರನ್ನು ಒಪ್ಪಿಸಬೇಕು. ಕಲಂ 468: ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವಾದರೆ ಒಂದು ವರ್ಷ, ಮೂರು ವರ್ಷದವರೆಗಿನದಾದರೆ ಮೂರು ವರ್ಷ ಕಾಲಮಿತಿ. ಅದು ದಾಟಿದ ಮೇಲೆ ಕೋರ್ಟ್ ಪ್ರಕರಣವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಹುಡುಗನ ಮೇಲಿದ್ದದ್ದು ಅಂದಿನ ಭಾರತೀಯ ದಂಡ ಸಂಹಿತೆಯ 143 ಮತ್ತು 341. ಕಾನೂನುಬಾಹಿರ ಕೂಟಕ್ಕೆ ಹೆಚ್ಚೆಂದರೆ ಆರು ತಿಂಗಳು, ಅಕ್ರಮವಾಗಿ ತಡೆದದ್ದಕ್ಕೆ ಒಂದು ತಿಂಗಳು. ವಿಳಂಬ ಮನ್ನಿಸುವ ಅಧಿಕಾರ ಕೋರ್ಟಿಗಿದೆ, ಕಾಲಮಿತಿ ಯಾವ ದಿನದಿಂದ ಎಣಿಸಬೇಕೆಂಬ ವಾದವೂ ಇದೆ. ಆದರೂ ರಸ್ತೆಯಲ್ಲಿ ಕೂತದ್ದಕ್ಕೆ ಹನ್ನೊಂದು ವರ್ಷದ ಮೇಲೆ ಕೇಸ್ ನಡೆಸುತ್ತೇವೆ ಎನ್ನುವುದು ಪೊಲೀಸರಿಗೂ ಕಷ್ಟ. ಕಾಫಿ ಕಳವಿನ ಅನುಮಾನದಲ್ಲಿ ಕಣದಿಂದ ಎಳೆದೊಯ್ದವರ ಲೆಕ್ಕ ಬೇರೆ. ಕಳವಿನ 379ಕ್ಕೆ ಮೂರು ವರ್ಷದ ಶಿಕ್ಷೆ ಇತ್ತು. ಆದ್ದರಿಂದ ಅವರಿಗೆ 167(5) ಒದಗುವುದಿಲ್ಲ, 468 ಒದಗಬಹುದು.

ಇದನ್ನೆಲ್ಲ ಬರೆದು, ಅಂತಿಮ ವರದಿ ಸಲ್ಲಿಸಿ ಎಂದು ಮೊದಲು ಠಾಣಾಧಿಕಾರಿಗೆ, ಪ್ರತಿಯನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದಕ್ಕೂ ಅಲುಗಾಡದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ. ಕೊನೆಯ ಬಾಗಿಲು ಹೈಕೋರ್ಟ್: ಹಳೆಯ ಕಲಂ 482, ಈಗಿನ 528ರ ಅಡಿಯಲ್ಲಿ ಎಫ್‌ಐಆರ್ ರದ್ದು ಮಾಡುವ ಅಧಿಕಾರ. ಕೊಡಗಿನವರು ಹೋಗಬೇಕಾದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಖರ್ಚಿನ ದಾರಿ. ಠಾಣೆಯಲ್ಲೇ ಮುಗಿಯಬಹುದಾದ್ದನ್ನು ಅಲ್ಲಿಗೆ ಒಯ್ಯುವ ಮೊದಲು ಉಳಿದದ್ದೆಲ್ಲ ಪ್ರಯತ್ನಿಸಿ ನೋಡಿ.

ಎಫ್‌ಐಆರೇ ಇಲ್ಲದ ಬಂಧನ

ಬಂದ್, ಚುನಾವಣೆ, ಮೆರವಣಿಗೆಯ ಹೊತ್ತಿನಲ್ಲಿ "ಮುಂಜಾಗ್ರತೆಗಾಗಿ" ಕರೆದೊಯ್ಯುವುದು ಇನ್ನೊಂದು ಬಗೆ. ಹಳೆಯ ಕಲಂ 151, ಈಗಿನ 170. ಇದರಲ್ಲಿ 24 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಅಪರಾಧವೇ ನಡೆದಿಲ್ಲವಾದ್ದರಿಂದ ಮುಗಿಸಲು ಕೇಸೂ ಇರುವುದಿಲ್ಲ. ಠಾಣೆಯ ಪುಸ್ತಕದ ನಮೂದು ಮಾತ್ರ ಇರುತ್ತದೆ. ಅದರ ಜೊತೆಗೆ ಶಾಂತಿ ಕಾಪಾಡುವ ಮುಚ್ಚಳಿಕೆಗಾಗಿ ತಹಸೀಲ್ದಾರರ ಮುಂದೆ ಕಲಂ 107ರ ಪ್ರಕರಣ ಹೂಡಿದ್ದರೆ ಇದನ್ನು ತಿಳಿದಿರಿ: ಅಲ್ಲಿನ ವಿಚಾರಣೆ ಶುರುವಾದ ಆರು ತಿಂಗಳೊಳಗೆ ಮುಗಿಯದಿದ್ದರೆ, ಮ್ಯಾಜಿಸ್ಟ್ರೇಟರು ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ಕಲಂ 116(6)ರ ಪ್ರಕಾರ ಅದು ತಾನಾಗಿಯೇ ಕೊನೆಗೊಳ್ಳುತ್ತದೆ. ತಾಲ್ಲೂಕು ಕಚೇರಿಗೆ ಹೋಗಿ ಆ ಕಡತ ಮುಕ್ತಾಯಗೊಂಡಿದೆ ಎಂಬ ಹಿಂಬರಹ ಕೇಳಿ ಪಡೆಯಿರಿ.

ಕೋವಿ ಇರುವ ಮನೆಯವರಿಗೆ ಇದು ಮುಖ್ಯ. ಕೊಡವರಿಗೂ ಜಮ್ಮಾ ಎಂಬ ಹಳೆಯ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಒಂದು ಹಳೆಯ ಬಂಧನದಿಂದ ಕೋವಿ ಹೋಗುತ್ತದೆಯೇ ಎಂದು ಹಿರಿಯರು ಗಾಬರಿಯಿಂದ ಕೇಳುತ್ತಾರೆ. ಶಸ್ತ್ರಾಸ್ತ್ರ ಕಾಯ್ದೆಯ ಕಲಂ 9 ತಡೆಯುವುದು ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಜೈಲುಶಿಕ್ಷೆಯಾದವರನ್ನು, ಶಿಕ್ಷೆ ಮುಗಿದು ಐದು ವರ್ಷದವರೆಗೆ. ಜೊತೆಗೆ ಮೇಲೆ ಹೇಳಿದ ಮುಚ್ಚಳಿಕೆ ಬರೆದುಕೊಟ್ಟವರನ್ನು, ಆ ಮುಚ್ಚಳಿಕೆಯ ಅವಧಿಯವರೆಗೆ. ಬರೀ ಬಂಧನ ಆ ಕಲಮಿನಲ್ಲಿಲ್ಲ. ಹಾಗಾಗಿ "ಒಂದು ರುಜು ಹಾಕಿ ಹೋಗಿ" ಎಂದಾಗ ಏನಕ್ಕೆ ರುಜು, ಎಷ್ಟು ತಿಂಗಳಿಗೆ ಎಂದು ಓದಿಯೇ ಹಾಕಬೇಕು.

ಬೆರಳಚ್ಚು ಮತ್ತು ಫೋಟೊ: ನಿಜವಾಗಿ ನಾಶವಾಗಬೇಕಾದ್ದು

ಕಾನೂನು "ನಾಶ ಮಾಡಿ" ಎಂದು ಬಾಯಿಬಿಟ್ಟು ಹೇಳಿರುವ ಜಾಗ ಇದು, ಆದರೆ ಕೇಳುವವರೇ ಕಡಿಮೆ. 2022ರ ಆಗಸ್ಟ್ 4ರವರೆಗೆ ಜಾರಿಯಲ್ಲಿದ್ದದ್ದು 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆ. 2013ರಲ್ಲಿ ಅದರ ಪ್ರಕಾರ ಬಂಧಿತರ ಬೆರಳಚ್ಚು ತೆಗೆಯಲು ಆ ಅಪರಾಧಕ್ಕೆ ಕನಿಷ್ಠ ಒಂದು ವರ್ಷದ ಕಠಿಣ ಶಿಕ್ಷೆ ವಿಧಿಸುವ ಅವಕಾಶ ಇರಬೇಕಿತ್ತು. ಅಂದರೆ ರಸ್ತೆ ತಡೆಯಂಥ ಸಣ್ಣ ಕೇಸಿನಲ್ಲಿ ಪೊಲೀಸರಿಗೆ ತಾವಾಗಿ ತೆಗೆಯುವ ಅಧಿಕಾರವೇ ಇರಲಿಲ್ಲ. ತೆಗೆದಿದ್ದರೂ, ಹಿಂದೆ ಅಂಥ ಶಿಕ್ಷೆಯಾಗದವರನ್ನು ವಿಚಾರಣೆಯಿಲ್ಲದೆ ಬಿಟ್ಟರೆ ಅಳತೆ, ಫೋಟೊ, ನೆಗೆಟಿವ್ ಎಲ್ಲವನ್ನೂ ನಾಶ ಮಾಡಬೇಕು ಅಥವಾ ಆ ವ್ಯಕ್ತಿಗೇ ಕೊಡಬೇಕು ಎಂದು ಕಲಂ 7 ಹೇಳುತ್ತಿತ್ತು. ಬೇಡವೆನ್ನುವುದಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರೋ ಉಪವಿಭಾಗಾಧಿಕಾರಿಯೋ ಕಾರಣ ಬರೆದಿಡಬೇಕಿತ್ತು.

ಅದರ ಜಾಗಕ್ಕೆ ಬಂದ 2022ರ ಕ್ರಿಮಿನಲ್ ಪ್ರಕ್ರಿಯೆ (ಗುರುತಿಸುವಿಕೆ) ಕಾಯ್ದೆ ಈ ಗುರುತುಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಈ ಸಂಖ್ಯೆ ಕೇಳಿ ಜನ ಕೈಚೆಲ್ಲುತ್ತಾರೆ. ಆದರೆ ಅದೇ ಕಲಮಿನ ಕೆಳಗೆ ವಿನಾಯಿತಿ ಇದೆ: ಹಿಂದೆ ಜೈಲುಶಿಕ್ಷೆಯ ಅಪರಾಧ ಸಾಬೀತಾಗದವರು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತರಾದರೆ ಅಥವಾ ಖುಲಾಸೆಯಾದರೆ, ಕಾನೂನಿನ ಮೆಟ್ಟಿಲುಗಳೆಲ್ಲ ಮುಗಿದ ಮೇಲೆ, ಕೋರ್ಟ್ ಕಾರಣ ಬರೆದು ಬೇಡವೆನ್ನದ ಹೊರತು ದಾಖಲೆ ನಾಶವಾಗಬೇಕು. ಅದಕ್ಕೆ ಕೋರಿಕೆ ಸಲ್ಲಬೇಕಾದ್ದು ರಾಜ್ಯ ಸರ್ಕಾರ ನೇಮಿಸಿದ ನೋಡಲ್ ಅಧಿಕಾರಿಗೆ. ಬೇರೆ ಕೇಸಿನೊಡನೆ ಅದು ತಳಕು ಹಾಕಿಕೊಂಡಿಲ್ಲ ಎಂದು ನೋಡಿ ಅವರು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊಗೆ ಶಿಫಾರಸು ಮಾಡುತ್ತಾರೆ. ವರಿಷ್ಠಾಧಿಕಾರಿಗಳ ಕಚೇರಿಯ ಮೂಲಕವೇ ಅರ್ಜಿ ಕಳಿಸಿ, ಕೋರ್ಟಿನ ಆದೇಶ ಲಗತ್ತಿಸಿ. ತಾನಾಗಿ ನಾಶವಾಗುತ್ತದೆ ಎಂದು ಕಾಯಬೇಡಿ.

ಬಂಧನದ ಹೊತ್ತಿಗೆ ಹದಿನೆಂಟು ತುಂಬಿರದಿದ್ದರೆ ಕಾನೂನು ಇನ್ನೂ ಮೃದು. 2015ರ ಬಾಲ ನ್ಯಾಯ ಕಾಯ್ದೆ ಮಕ್ಕಳ ಹಳೆಯ ದಾಖಲೆ ಅಳಿಸಬೇಕೆಂಬುದನ್ನೇ ತನ್ನ ಮೂಲತತ್ವಗಳಲ್ಲಿ ಸೇರಿಸಿಕೊಂಡಿದೆ. ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಹಿಡಿದು ವಯಸ್ಸು ತೋರಿಸಿ ಬಾಲ ನ್ಯಾಯ ಮಂಡಳಿಯನ್ನು ಕೇಳಬೇಕು.

ರೌಡಿ ಪಟ್ಟಿಯ ಬಗ್ಗೆ ಸಂಕ್ಷೇಪವಾಗಿ: ಅದು ನಡೆಯುವುದು ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದಂತೆ. ತೆಗೆಯಬೇಕೆಂಬ ಮನವಿ ವರಿಷ್ಠಾಧಿಕಾರಿಗೆ, ನಿರಾಕರಿಸಿದರೆ ಹೈಕೋರ್ಟಿಗೆ ರಿಟ್ ಅರ್ಜಿ. ಇಂಥ ಹಾಳೆಗಳನ್ನು ಯಾಂತ್ರಿಕವಾಗಿ ತೆರೆಯಬಾರದು, ಕಾಲಕಾಲಕ್ಕೆ ಮರುಪರಿಶೀಲಿಸಬೇಕು ಎಂಬ ದಿಕ್ಕಿನಲ್ಲಿ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳ ಗಮನ ಸೆಳೆದಿದೆ. ಮನವಿಯಲ್ಲಿ ಅದನ್ನು ಉಲ್ಲೇಖಿಸಬಹುದು.

ಫಾರಂ ತುಂಬುವಾಗ

ದಾಖಲೆ ಅಳಿಯಲಿಲ್ಲ ಎಂಬುದಕ್ಕಿಂತ ಫಾರಂನಲ್ಲಿ ಸುಳ್ಳು ಬರೆದದ್ದರಿಂದ ಕೆಲಸ ಕಳೆದುಕೊಂಡವರನ್ನು ನಾನು ಹೆಚ್ಚು ಕಂಡಿದ್ದೇನೆ. ಎಲ್ಲ ಫಾರಂಗಳೂ ಒಂದೇ ಪ್ರಶ್ನೆ ಕೇಳುವುದಿಲ್ಲ. ಪಾಸ್‌ಪೋರ್ಟಿಗೆ ಅಡ್ಡಿಯಾಗುವುದು ಕ್ರಿಮಿನಲ್ ಕೋರ್ಟಿನಲ್ಲಿ ಬಾಕಿಯಿರುವ ಪ್ರಕರಣ. ಬರೀ ಎಫ್‌ಐಆರ್, ತನಿಖೆಯಲ್ಲಿರುವ ಕೇಸು ಅದರೊಳಗೆ ಬರುವುದಿಲ್ಲ, ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಂಡಿರಬೇಕು ಎಂದು ವಿದೇಶಾಂಗ ಸಚಿವಾಲಯ 2019ರ ಅಕ್ಟೋಬರ್ 10ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಪೊಲೀಸ್ ವರದಿ ಪ್ರತಿಕೂಲ ಬಂತೆಂದು ಪಾಸ್‌ಪೋರ್ಟ್ ಕಚೇರಿ ವಿವರಣೆ ಕೇಳಿದರೆ ಈ ಸುತ್ತೋಲೆಯ ದಿನಾಂಕ ಬರೆದು, ಕೋರ್ಟಿನಲ್ಲಿ ಕೇಸ್ ಇಲ್ಲವೆಂಬ ಕಾಗದ ಲಗತ್ತಿಸಿ ಉತ್ತರಿಸಿ.

ಕೇಂದ್ರ ಸರ್ಕಾರಿ ನೌಕರಿಯ ದೃಢೀಕರಣ ಫಾರಂ ಹಾಗಲ್ಲ. "ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ?" ಎಂದೇ ಕೇಳುತ್ತದೆ. ಸೈನ್ಯಕ್ಕೆ, ಅರೆಸೇನಾಪಡೆಗೆ ಹೋಗುವ ನಮ್ಮ ಜಿಲ್ಲೆಯ ಮಕ್ಕಳು ಎಡವುವುದು ಇಂಥ ಪ್ರಶ್ನೆಯಲ್ಲೇ. ಕೇಸ್ ಮುಚ್ಚಿಹೋಗಿದ್ದರೂ, ಹೈಕೋರ್ಟ್ ರದ್ದು ಮಾಡಿದ್ದರೂ ಬಂಧನ ನಡೆದಿದ್ದು ನಿಜ. ಉತ್ತರ "ಹೌದು". ಕೆಳಗೆ ಎರಡು ಸಾಲು: ಯಾವ ದಿನ, ಯಾವ ಠಾಣೆ, ಯಾವ ಆದೇಶದಿಂದ ಮುಗಿಯಿತು. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ದಾರಿ. ನಿಜ ಹೇಳಿದವರ ವಿಷಯದಲ್ಲೂ ಪೂರ್ವಾಪರ ನೋಡುವ ಹಕ್ಕು ನೇಮಕಾತಿ ಪ್ರಾಧಿಕಾರಕ್ಕಿದೆ, ಆದರೆ ಕ್ಷುಲ್ಲಕ ಕೇಸಿನ ವಿಷಯ ಮುಚ್ಚಿಟ್ಟವರನ್ನು ಕೂಡ ಕ್ಷಮಿಸುವ ವಿವೇಚನೆ ಬಳಸಬಹುದು. ಕ್ಷಮೆಯನ್ನು ನಂಬಿಕೊಂಡು ಮುಚ್ಚಿಡುವುದು ಜೂಜು.

ನಮ್ಮ ಹುಡುಗನ ಅರ್ಜಿಗೆ ಉತ್ತರ ಬಂದಾಗ ಅವನ ಕಡತ ನಿಂತಲ್ಲೇ ನಿಂತಿದ್ದು ಖಾತ್ರಿಯಾಯಿತು. ಮನವಿ ಕೊಟ್ಟೆವು. ಎರಡು ಸಲ ಹೋಗಿಬಂದೆವು. ಮಳೆ ಹಿಡಿಯುವ ಹೊತ್ತಿಗೆ 'ಬಿ' ರಿಪೋರ್ಟ್ ಕೋರ್ಟಿಗೆ ಹೋಯಿತು, ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಆದೇಶವಾಯಿತು. ನಕಲು ಅರ್ಜಿ ಬರೆಯುವಾಗ ಅವನು ಒಂದು ಪ್ರತಿ ಸಾಕೆಂದ. ನಾನು ಮೂರು ಎಂದು ತಿದ್ದಿಸಿದೆ. ಒಂದನ್ನು ಠಾಣೆಗೆ ಕೊಟ್ಟು ಕಂಪ್ಯೂಟರಿನಲ್ಲಿ ಸ್ಥಿತಿ ಬದಲಿಸುವಂತೆ ಕೋರಿ ಸ್ವೀಕೃತಿ ಪಡೆದೆವು. ಇನ್ನೊಂದು ಮಡಿಕೇರಿಗೆ ಹೋಯಿತು. ಮೂರನೆಯದು ಅವನ ಅಮ್ಮನ ಟ್ರಂಕಿನಲ್ಲಿ ಆಸ್ತಿ ಪತ್ರಗಳ ಜೊತೆಗಿದೆ.